ಮೂರನೇ ಸುರಂಗದ ಚಾವಣಿ

ಹುಕ್‌ಗೊಲ್ ಗಣಿ, ಕಾಂಗ್‌ವೊನ್
೧೯ ಅಕ್ಟೋಬರ್ ೧೯೫೭

ಮುದ್ದಿನ ತಂಗಿ ಮಾಲ್‌ಸುನ್‌ಗೆ,

ಎರಡು ಕಾಗದ ಬರೆದರೂ ಉತ್ತರಿಸದ ಅಕ್ಕನನ್ನು ಬೈದುಕೊಂಡಿರುತ್ತೀಯ. ಬೈದುಕೋ, ಆಮೇಲೆ ಓದು. ಪೂಸಾನ್‌ನಲ್ಲಿ ನೀನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಂತೂ ಹಬ್ಬವೇ ನಡೆದುಹೋಯಿತು ಕಣೇ!

ಯುದ್ಧದಲ್ಲಿ ಹಾಳಾದ ನಮ್ಮ ಗಣಿಯನ್ನು ಎತ್ತಿ ನಿಲ್ಲಿಸಲು ಹೊರದೇಶದ ಮೂವರು ಎಂಜಿನಿಯರುಗಳು ಬಂದಿದ್ದಾರೆ. ಇಬ್ಬರಿಗೆ ಯಂತ್ರಗಳದೇ ಧ್ಯಾನ. ಮೂರನೆಯವರು ಪ್ರಿಚರ್ಡ್, ಉದ್ದ ಮೂಗು, ಖಾರದ ಕಿಮ್ಚಿ ಒಂದು ಚೂರು ತಿಂದರೆ ಕಣ್ಣಲ್ಲಿ ನೀರು. ಕಲ್ಲಿದ್ದಲು ಆರಿಸುವ ನಾವು ಹೆಂಗಸರು ಬೇಕೆಂದೇ ಇನ್ನೊಂದು ಚೂರು ಬಡಿಸುತ್ತೇವೆ. ಪುಣ್ಯಾತ್ಮ, ಅದನ್ನೂ ತಿನ್ನುತ್ತಾರೆ.

ಮಂಗಳವಾರ ಮೂರನೇ ಸುರಂಗದಲ್ಲಿ ನಮ್ಮ ಮಾವ ಸಲಾಕೆಯಿಂದ ಚಾವಣಿ ತಟ್ಟಿ, "ಟೊಳ್ಳು ಸದ್ದು ಬರ್ತಿದೆ, ಎಲ್ರೂ ಹೊರಗೆ ನಡೀರಿ" ಅಂದರಂತೆ. ಮೇಸ್ತ್ರಿ ಪಾಂಗ್ ಗದರಿದನಂತೆ: "ಏನ್ ಅಜ್ಜಾ, ಹೊಟ್ಟೆ ಹಸೀತು ಅಂತ ಹೊಸ ನೆಪಾನಾ?"

ಅಲ್ಲೇ ಇದ್ದ ಪ್ರಿಚರ್ಡ್‌ಗೆ ಮಾತು ತಿಳಿಯಲಿಲ್ಲ, ಮಾವನ ಮುಖ ತಿಳಿಯಿತು. ಸಲಾಕೆ ಇಸಕೊಂಡು ತಾವೂ ತಟ್ಟಿದರು, ಕಿವಿಗೊಟ್ಟರು. ನಮ್ಮ ಭಾಷೆಯಲ್ಲಿ ಅವರಿಗೆ ಬರುವುದು ನಾಲ್ಕೇ ಮಾತು. ಅದರಲ್ಲೊಂದನ್ನು ಕೂಗಿದರು: "ಬೇಗ! ಬೇಗ!" ನಲವತ್ತೊಂದು ಜನ ಓಡಿ ಬಂದರು. ಹಿಂದೆಯೇ ಚಾವಣಿ ಕುಸಿಯಿತು. ಒಬ್ಬರಿಗೂ ಗೀರು ಗಾಯವಿಲ್ಲ! ಎಲ್ಲರೂ ಇದ್ದಲಿನಂತಾಗಿದ್ದರು, ಪ್ರಿಚರ್ಡ್‌ರನ್ನು ಮೂಗಿನಿಂದಲೇ ಗುರುತು ಹಿಡಿದೆವು.

ಮರುದಿನ ಹಂದಿ ಕೊಯ್ದರು, ಮಕ್ಕೊಲ್ಲಿ ಹೆಂಡ ಗಡಿಗೆ ಗಡಿಗೆ ಖಾಲಿಯಾಯಿತು. ಪ್ರಿಚರ್ಡ್ ದುಭಾಷಿಯ ಬಾಯಲ್ಲಿ ಹೇಳಿಸಿದರು: "ಪ್ರತಿ ಪಾಳಿಗೂ ಮುಂಚೆ ಈ ಅಜ್ಜ ಚಾವಣಿ ತಟ್ಬೇಕು. ಇವರು ಬೇಡ ಅಂದ್ರೆ ಯಾರೂ ಇಳೀಬಾರ್ದು." ಬೋರ್ಡಿನ ಮೇಲೂ ಬರೆಸಿದ್ದಾರೆ. ಮಾವನಿಗೆ ಓದಲು ಬಾರದು, ಆದರೂ ದಿನಾ ಹೋಗಿ ತಮ್ಮ ಹೆಸರಿನ ಮುಂದೆ ನಿಂತು ಬರುತ್ತಾರೆ.

ಮಗುವಿಗೆ ನನ್ನ ಮುತ್ತು. ಚಳಿಗಾಲವಿಡೀ ನಿಮ್ಮ ಒಲೆ ಬೆಚ್ಚಗಿರಲಿ, ನಾವು ಆರಿಸಿದ ಇದ್ದಲೇ ಅದರಲ್ಲಿ ಉರಿಯಲಿ.

ನಿನ್ನ ಅಕ್ಕ,
ಪಿಲ್‌ನ್ಯೊ

ಇನ್ನೊಂದು ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದ್ದು. ಔತಣದಲ್ಲಿ ಮೇಸ್ತ್ರಿ ಕುಡಿದು ನನ್ನೆದುರು ಮಂಡಿಯೂರಿದ. "ನಿನ್ ಗಂಡ ಸತ್ತ ದಿನಾನೂ ಅಜ್ಜ ಹೀಗೇ ಹೇಳಿದ್ರು ತಾಯಿ. ನಾವೇ ನಕ್ಕುಬಿಟ್ವಿ" ಎಂದು ಅತ್ತ. ಅವತ್ತು ಚಾವಣಿಯ ಸದ್ದು ಕೇಳಿಯೂ ಮಾವ ಹೆದರಿ ಸುಮ್ಮನಿದ್ದರು, ಅದಕ್ಕೇ ನನ್ನವರು ಹೋದರು ಎಂದುಕೊಂಡಿದ್ದೆನಲ್ಲ ಮಾಲ್‌ಸುನ್! ಮೂರು ವರ್ಷ ಅವರ ಮುಂದೆ ಅನ್ನ ಇಟ್ಟು ಮುಖ ತಿರುಗಿಸಿದೆ. "ನಂಗ್ಯಾಕೆ ಹೇಳ್ಲಿಲ್ಲ ಮಾವ?" ಎಂದೆ. "ಅವತ್ತು ಬಾಯಲ್ಲಷ್ಟೇ ಹೇಳ್ದೆ, ಕೈ ಹಿಡಿದು ಎಳ್ಕೊಂಡು ಬರ್ಲಿಲ್ವಲ್ಲಮ್ಮ. ನನ್ ಮಗ ಅವ್ನು" ಅಂದರು. ಇವತ್ತು ಅವರ ಜೊತೆ ಕೂತು ಉಂಡೆ. ಊಟ ಮುಗಿದರೂ ಇಬ್ಬರೂ ಎದ್ದು ಹೋಗಲಿಲ್ಲ.