ಮಲಗಿಸಿಟ್ಟ ಸೀಟು

ಮಾರ್ಚ್ ೧೨, ಗುರುವಾರ

ತಪ್ಪು ಮಾಡಿದವನು ನಾನು, ಸಿಕ್ಕಿಬಿದ್ದವಳು ನಮ್ಮ ಕ್ಲೀನಿಂಗ್ ತಂಡದ ದೊಡ್ಡಕ್ಕ.

ವಿಮಾನ ಗುಡಿಸುವ ನಾವು ಬಿಸಿನೆಸ್ ಕ್ಲಾಸಿನ ಸೀಟಿನಲ್ಲಿ ಕೂರುವ ಹಾಗಿಲ್ಲ. ಆ ನಿಯಮದ ವಿರುದ್ಧ ಕರಪತ್ರ ಬರೆದವನೇ ನಾನು. ಇವತ್ತು ಒಂದು ಸೀಟನ್ನು ಪೂರ್ತಿ ಹಾಸಿಗೆ ಮಾಡಿ ಮಲಗಿದೆ. ಹೋರಾಟಕ್ಕಲ್ಲ, ಸುಖಕ್ಕೆ. ನಿನ್ನೆಯ ವಿಮಾನದಲ್ಲಿ ಸೀಟಿಗೊಂದು ಬಾಗಿಲಿತ್ತು, ಆದರೆ ಕಾಲು ಚಾಚಲು ಇಕ್ಕಟ್ಟು. ಇದೇ ವಾಸಿ ಎಂದು ಗಟ್ಟಿಯಾಗಿ ಹೋಲಿಸುತ್ತಿದ್ದೆ.

"ಏನೋ ಕ್ರಾಂತಿವೀರ, ಕಾಫಿ ತರ್ಲಾ? ಏಳೋ, ಟೈಮಾಯ್ತು" ಎಂದಳು ದೊಡ್ಡಕ್ಕ, ಮಂಡಿಯೂರಿ ನನ್ನ ಪಾಲಿನ ಸಾಲನ್ನೂ ಒರೆಸುತ್ತಾ.

ಎದ್ದೆ. ಸೀಟನ್ನು ನೆಟ್ಟಗೆ ಮಾಡಲು ಮರೆತೆ. ಮೇಲ್ವಿಚಾರಕ ಅದನ್ನು ನೋಡಿಬಿಟ್ಟ.

"ಯಾರು ಮಲಗಿದ್ದು?"

ನಾನು ಬಗ್ಗಿ ಕಸದ ಚೀಲದ ಬಾಯಿ ಕಟ್ಟತೊಡಗಿದೆ.

"ನಾನೇ ಸಾರ್. ಸೊಂಟ ಹಿಡ್ಕೊಂಡಿತ್ತು" ಎಂದಳು ಅಕ್ಕ.

ಹನ್ನೊಂದು ವರ್ಷದ ಅವಳ ಕೆಲಸ ಈಗ ತೂಗುಯ್ಯಾಲೆಯಲ್ಲಿದೆ. ಬಸ್ಸಿನಲ್ಲಿ ಅವಳ ಪಕ್ಕ ಕೂರಲಾಗದೆ ನಿಂತೇ ಬಂದೆ. ಶೋಷಣೆ ಎಂಬ ಪದವನ್ನು ಎಷ್ಟು ಸಲ ಬರೆದಿದ್ದೇನೋ. ಇವತ್ತು ಅದನ್ನು ಮಾಡಿದೆ. ಕರಪತ್ರದ ಕೆಳಗೆ ಹೆಸರು ಹಾಕಲು ಇದ್ದ ಧೈರ್ಯ...

ಸಾಕು. ಅವಳ ವಿಚಾರಣೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಎಂಟೂಮುಕ್ಕಾಲಿಗೆ ಮೇಲ್ವಿಚಾರಕನ ಕೋಣೆಯಲ್ಲಿ ನಾನಿರಬೇಕು.