ನೀರೊಳಗಿನ ಟಿವಿ

ನವೆಂಬರ್ 2, ಭಾನುವಾರ

ನೀರು ಬಿಟ್ಟು ಬಂದೆ. ಹಣಕೋಣದ ಮೇಲಿನ ಕೇರಿಗೆ ಮೊದಲು, ಆಮೇಲೆ ಕೆಳಗಿನ ಕೇರಿಗೆ. ವಾಲ್ವ್ ತಿರುಗಿಸುವುದು, ಕಾಯುವುದು, ಮತ್ತೆ ತಿರುಗಿಸುವುದು. ಪಂಚಾಯತಿಯವರು ಇದಕ್ಕೇ ಸಂಬಳ ಕೊಡುತ್ತಾರೆ. ಯಾರೋ ಕೂಗಿ ಹೇಳಿದರು, ಪ್ರೆಶರ್ ಇಲ್ಲವಂತೆ. ಹೂಂ ಎಂದೆ.

ಉಮೇಶ ಬಂದ. ನನ್ನ ಹೆಂಡತಿ ಸುಮಿತಾಳ ತಮ್ಮ. ಪ್ರತಿ ಭಾನುವಾರ ಅಂಕೋಲಾದಿಂದ ಬೈಕ್ ಹತ್ತಿ ಬರುತ್ತಾನೆ. ಇಬ್ಬರೂ ದೋಣಿ ತಳ್ಳಿಕೊಂಡು ಕಾಳಿ ನದಿಗೆ ಇಳಿಯುತ್ತೇವೆ, ಗಾಳ ಹಾಕಿ ಕೂರುತ್ತೇವೆ. ಅವಳಿದ್ದಾಗಲೂ ಹೀಗೇ, ತೀರಿಹೋದ ಮೇಲೂ ಹೀಗೇ. ಮಾತು ಕಮ್ಮಿ. ಸಿಕ್ಕಿದ್ದು ಪಕ್ಕದ ಮನೆ ಕಾಶಿಗೆ. ನಮ್ಮ ಒಲೆ ಮೇಲೆ ಮೀನು ಬೆಂದು ವರ್ಷವಾಗುತ್ತ ಬಂತು.

ಇವತ್ತು ಅವನ ಚೀಲದಲ್ಲಿ ಹೊಸ ಸಾಮಾನು. ಸೋನಾರ್... ಫಿಶ್ ಫೈಂಡರ್ ಅನ್ನುತ್ತಾರಲ್ಲ, ಅದರ ದೊಡ್ಡಣ್ಣ. ಗೋವಾದಲ್ಲಿ ಯಾರೋ ಸೆಕೆಂಡ್ ಹ್ಯಾಂಡ್ ಮಾರಿದ್ದು. ಕೋಲಿನ ತುದಿಗೆ ಕರಿ ಡಬ್ಬಿ, ಅದು ನೀರೊಳಗೆ. ದೋಣಿಯಲ್ಲಿ ಬ್ಯಾಟರಿ, ಸಣ್ಣ ಟಿವಿ. ನದಿಯ ತಳ, ಕಲ್ಲು, ಮುಳುಗಿದ ಮರ ಎಲ್ಲ ಕಾಣುತ್ತದೆ. ಮೀನು ಇದ್ದರೆ ಬಿಳಿ ಮಚ್ಚೆಯಾಗಿ ಅಲ್ಲಾಡುತ್ತದಂತೆ. ನಮ್ಮ ಗಾಳ ಇಳಿಯುವುದೂ ಕಂಡಿತು.

"ಕಾಣ್ತದ್ಯಾ ಭಾವ? ಇಲ್ಲಿ ಒಂದೂ ಇಲ್ಲ. ಸುಮ್ಮಗೆ ಕೂತು ಎಂತ ಮಾಡೂದು? ನಡಿ, ಮುಂದೆ ಹೋಗ್ವ."

ಮುಂದೆ ಹೋದೆವು. ಅಲ್ಲೂ ಇಲ್ಲ. ಆಚೆ ದಂಡೆಗೆ. ಅಲ್ಲೂ ಇಲ್ಲ. ಊಟದ ಹೊತ್ತಿಗಿಂತ ಮೊದಲೇ ಮನೆ ಸೇರಿದೆ.

ಮೊದಲೆಲ್ಲ ಸಂಜೆಯವರೆಗೆ ಕೂರುತ್ತಿದ್ದೆವು. ಒಂದೂ ಕಚ್ಚದಿದ್ದರೂ ಕೂರುತ್ತಿದ್ದೆವು, ಈಗ ಕಚ್ಚಬಹುದು, ಇನ್ನೊಂದು ಗಳಿಗೆಗೆ ಕಚ್ಚಬಹುದು ಎಂದು. ಇಲ್ಲವೆಂದು ಗೊತ್ತಾದ ಮೇಲೆ ಕಾಯಲು ಕಾರಣ ಬೇಕಲ್ಲ. ಮಲಗಿ ಫ್ಯಾನ್ ನೋಡಿದೆ.

ನವೆಂಬರ್ 12, ಬುಧವಾರ

ಸುಮಿತಾಳ ವರ್ಷಾಂತದ ತಿಥಿ ಆಯಿತು. ಭಟ್ಟರು ಬಂದರು, ಮಾಡಿಸಿದರು, ಹೋದರು. ಎಲೆ ಎತ್ತಿದೆ. ಪಾತ್ರೆ ತೊಳೆದೆ. ಅಳು ಬರಲಿಲ್ಲ. ಉಮೇಶನ ಹೆಂಡತಿ ನೀತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಪ, ಅವಳಿಗೂ ಬೇಜಾರಾಗಿರಬೇಕು.

ಉಳಿದವರು ಹದಿಮೂರು ದಿನಕ್ಕೆ ಮುಗಿಸುತ್ತಾರೆ. ನಮ್ಮ ಮನೆತನದ್ದು ಬೇರೆ. ಮನೆಯೊಡತಿ ಹೋದರೆ ವರ್ಷವಿಡೀ ಒಲೆಗೆ ಮೀನಿಲ್ಲ. ವರ್ಷಾಂತ ಕಳೆದ ಮೇಲೆ ಅವಳ ತವರಿನವರು ಮೀನು ತರಬೇಕು. ಅದನ್ನು ಬೇಯಿಸಿ ಎಲ್ಲರೂ ಕೂತು ಉಂಡರೆ ಮುಗಿಯಿತು. ಆಮೇಲೆ ಹಬ್ಬ ಮಾಡಬಹುದು. ಮನೆಗೆ ಸುಣ್ಣಬಣ್ಣ ಮಾಡಿಸಬಹುದು. ಅವಳ ಸೀರೆ ತೆಗೆದು ಹಂಚಬಹುದು. ಹಂಚಲೇಬೇಕು, ಹಾಗೆ ಇದೆ ಪದ್ಧತಿ.

ಪೇಟೆಯಿಂದ ಬಂಗಡೆ ತಂದರೂ ನಡೆಯುತ್ತದೆ. ಆದರೆ ಉಮೇಶ ಎಲ್ಲರೆದುರು ಹೇಳಿಬಿಟ್ಟ, ದೇವರ ಮುಂದೆ ತೆಂಗಿನಕಾಯಿ ಇಟ್ಟು.

"ಪೇಟೆ ಮೀನು ಬೇಡ. ಅಕ್ಕಂಗೆ ಚೋಣಕ ಅಂದ್ರೆ ಜೀವ. ನಾನೇ ಗಾಳದಲ್ಲಿ ಹಿಡ್ದು ತರ್ತೆ. ಚೋಣಕ ಬರೂವರೆಗೆ ಈ ಮನೆಗೆ ಬೇರೆ ಮೀನು ಬರೂದು ಬೇಡ."

ಹಿರಿಯರೆಲ್ಲ ತಲೆಯಾಡಿಸಿದರು. ಹೇಳಿದ ಮೇಲೆ ಹೇಳಿದ್ದೇ, ಹಿಂದೆ ತೆಗೆಯಲಿಕ್ಕಿಲ್ಲ.

ಚೋಣಕ ಅಂದರೆ ನದಿ ಸಮುದ್ರ ಸೇರುವಲ್ಲಿನ ದೊಡ್ಡ ಬೆಳ್ಳಿ ಮೀನು. ಅದರ ಮರ್ಜಿ. ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಅವನ ಮಾತು ಕೇಳಿ ನನಗೆ ಸಮಾಧಾನವಾಯಿತು. ಎಷ್ಟೋ ದಿನದ ಮೇಲೆ ಏನೋ ಒಂದು ಅನಿಸಿದ್ದು ಅಂದರೆ ಅದೇ. ಚೋಣಕ ಅಷ್ಟು ಸುಲಭಕ್ಕೆ ಸಿಗುವುದಿಲ್ಲ, ಸೀರೆಗಳು ಅಲ್ಲೇ ಇರುತ್ತವೆ.

ಆಮೇಲೆ ಟಿವಿ ನೆನಪಾಯಿತು.

ನವೆಂಬರ್ 16, ಭಾನುವಾರ

ಕಂಡಿತು. ಕೋಡಿಬಾಗದ ಕಡೆ, ಬಂಡೆಯ ಮಗ್ಗುಲಲ್ಲಿ. ಪರದೆಯ ಮೇಲೆ ಉದ್ದನೆ ಬಿಳಿ ಗೆರೆ, ನಿಧಾನ ತಿರುಗುತ್ತಿತ್ತು. ಉಮೇಶ ಟಿವಿಗೆ ಬೆರಳು ತೋರಿಸಿದ.

"ಅಂವನೇ ಭಾವ. ಚೋಣಕವೇ. ನೋಡು, ನೋಡು ಹ್ಯಾಂಗೆ ನಿಂತದೆ."

ಜೀವಂತ ಸಿಗಡಿ ಕಟ್ಟಿ ಅದರ ಮೂಗಿನೆದುರೇ ಇಳಿಸಿದ. ಸಿಗಡಿ ಚುಕ್ಕೆ, ಮೀನು ಗೆರೆ. ಗೆರೆ ಚುಕ್ಕೆಯ ಹತ್ತಿರ ಬಂತು. ನಿಂತಿತು. ಹಿಂದೆ ಹೋಯಿತು. ಇಬ್ಬರೂ ಟಿವಿ ಮುಂದೆ ಬಗ್ಗಿ ಕೂತಿದ್ದೆವು, ನದಿ ನೋಡಿದವರು ಯಾರೂ ಇಲ್ಲ. ಭರತಿ ಬಂದು ನೀರು ಏರಿದ್ದೂ ಗೊತ್ತಾಗಲಿಲ್ಲ.

ಕಚ್ಚಲಿಲ್ಲ. ಉಮೇಶ ಬೈದ. ನಾನು ಮನಸ್ಸಿನಲ್ಲೇ ಮೀನಿಗೆ ಶಾಬಾಸ್ ಹೇಳಿದೆ.

ನವೆಂಬರ್ 20

ನೀರು ಬಿಟ್ಟೆ. ಮಧ್ಯಾಹ್ನ ಕರೆಂಟಿಲ್ಲ.

ಪ್ರೇಕ್ಷಾ ಕಾರವಾರದಿಂದ ಕೆಲಸ ಮುಗಿಸಿ ಬಂದಳು. ತಟ್ಟೆ ನೋಡಿ ಹಾಗೇ ಕೂತಳು. ಮಗಳು ದೂರುವವಳಲ್ಲ.

"ಅಪ್ಪ, ಇವತ್ತೂ ಬಸಳೆನಾ?"

"ಹೂಂ."

"ನಂದು ಬಾಯಿ ಸತ್ತೇ ಹೋಗ್ಯದೆ. ಆಫೀಸ್‌ನಲ್ಲಿ ನಂದಿನಿ ಡಬ್ಬಿ ತೆಗ್ದ್ರೆ ವಾಸನೆಗೇ ಅಳು ಬರ್ತದೆ ನಂಗೆ. ಮಾಮ ಯಾವಾಗ ತರ್ತ?"

"ಸಿಕ್ಕಾಗ."

ಅನ್ನಕ್ಕೆ ಬೆರಳು ಹಾಕಿ ಹೇಳಿದಳು — "ಆಯಿ ಇದ್ದಿದ್ರೆ ನಂಗೆ ಹೀಂಗೆ ಉಪಾಸ ಕೆಡವ್ತಿದ್ದಿಲ್ಲ." ಬಸಳೆ ಬಡಿಸಿದೆ.

ನವೆಂಬರ್ 30, ಭಾನುವಾರ

ಬರೆಯುವುದೋ ಬೇಡವೋ.

ಅದೇ ಬಂಡೆ. ಅದೇ ಗೆರೆ. ಈ ಸಲ ಕಚ್ಚಿತು. ರಾಡ್ ಬಗ್ಗಿ ನೀರು ಮುಟ್ಟಿತು. ಉಮೇಶ ಎಳೆದ, ಬಿಟ್ಟ, ಎಳೆದ. ಕೊನೆಗೆ ಮೀನು ಮೇಲೆ ಬಂತು, ದೋಣಿಯ ಪಕ್ಕಕ್ಕೇ. ದೊಡ್ಡದು. ಕಣ್ಣು ಬಿಸಿಲಿಗೆ ಕೆಂಪಗೆ ಹೊಳೆಯಿತು. ದಣಿದು ಮಗ್ಗುಲಾಗಿತ್ತು.

"ಭಾವ, ಬಲೆ. ಬಲೆ ಕೆಳಗೆ ಹಾಕು."

ಕೈಬಲೆ ನನ್ನ ಕೈಯಲ್ಲಿತ್ತು. ಮೀನಿನ ಕೆಳಗೆ ಹಾಕಿ ಎತ್ತಿದರೆ ಮುಗಿಯಿತು. ಎಷ್ಟು ಸಾವಿರ ಸಲ ಮಾಡಿದ ಕೆಲಸ. ಹಾಕಲಿಲ್ಲ. ಹಿಡಿದುಕೊಂಡು ಕೂತೆ. ಕೈ ಮರಗಟ್ಟಿತ್ತು ಅಂತ ಬರೆದರೆ ಸುಳ್ಳು. ಕೈ ಚೆನ್ನಾಗಿಯೇ ಇತ್ತು.

ಮೀನು ಒಮ್ಮೆ ತಲೆ ಕೊಡವಿತು. ದಾರ ತುಂಡಾಯಿತು.

ಉಮೇಶ ಬಹಳ ಹೊತ್ತು ನೀರು ನೋಡಿದ. ಆಮೇಲೆ ನನ್ನನ್ನು.

"ಜಾರ್ತು" ಎಂದೆ.

"ಜಾರ್ಲಿಲ್ಲ, ಭಾವ."

ದಂಡೆಗೆ ಬಂದ ಮೇಲೆ ಟಿವಿಯ ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡ. ಚಾ ಕುಡಿಯದೆ ಹೋದ.

ಡಿಸೆಂಬರ್ 7, ಭಾನುವಾರ

ನಮ್ಮದೊಂದು ಗಾಳದ ಬಳಗ ಇದೆ. ವಾಟ್ಸಾಪ್ ಗ್ರೂಪು, ವರ್ಷಕ್ಕೊಂದು ಸ್ಪರ್ಧೆ. ವಾರವಿಡೀ ಗ್ರೂಪಿನಲ್ಲಿ ಟಿವಿಯದೇ ಜಗಳ. ಇವತ್ತು ಕೋಡಿಬಾಗದ ಚಾ ಅಂಗಡಿಯಲ್ಲಿ ಸಭೆ. ಮಂಗೇಶ ಮಾಸ್ತರರು ಅಧ್ಯಕ್ಷರು. ಸ್ಪರ್ಧೆಯಲ್ಲಿ ಟಿವಿ ಬೇಕೋ ಬೇಡವೋ.

ಯೋಗೇಶನಿಗೆ ಬೇಕು. ವಯಸ್ಸಿನ ಹುಡುಗ, ಫೋನಿನಲ್ಲಿ ವೀಡಿಯೊ ತೋರಿಸಿದ. "ಅಲ್ಲ, ನೈಲಾನ್ ದಾರ ಬಂದಾಗ ಯಾರೂ ಎಂತದೂ ಹೇಳ್ಲಿಲ್ಲ, ಮೋಟರ್ ಬಂದಾಗ್ಲೂ ಹೇಳ್ಲಿಲ್ಲ. ಈಗ ಎಂತಕ್ಕೆ ಹೇಳೂದು?" ಅವನ ಮಾತಿನಲ್ಲಿ ಸುಳ್ಳಿಲ್ಲ.

ಉಮೇಶ ಮೂಲೆಯಲ್ಲಿದ್ದ. ಒಂದೇ ಮಾತು ಆಡಿದ. "ಅದು ಮೀನು ಹಿಡಿಯೂದಿಲ್ಲ. ಎಲ್ಲಿ ಅದೆ ಅಂತ ಹೇಳ್ತದೆ ಅಷ್ಟೇ. ಕಚ್ಚೂದು ಬಿಡೂದು ಮೀನಿಂದು."

ಮಾಸ್ತರರು ನನ್ನ ಕಡೆ ತಿರುಗಿದರು. "ಸುಭಾಷ, ನೀ ಹಳಬ. ನೀ ಹೇಳು."

ಹೇಳಿದೆ. ಚೆನ್ನಾಗಿಯೇ ಹೇಳಿದೆ. ನಾವು ಹೊಟ್ಟೆಪಾಡಿಗೆ ಹಿಡಿಯುವವರಲ್ಲ, ಖುಷಿಗೆ ಹಿಡಿಯುವವರು. ಖುಷಿಗೆ ಹಿಡಿಯುವವನು ಮೀನಿಗೆ ಅಡಗಲು ಒಂದು ಜಾಗ ಬಿಡಬೇಕು. ದೊಡ್ಡ ಮೀನೆಲ್ಲ ಹೀಗೆ ಕಂಡು ಕಂಡು ಎತ್ತಿದರೆ ಮೊಟ್ಟೆ ಇಡಲು ಯಾವುದು ಉಳಿಯುತ್ತದೆ? ಸ್ಪರ್ಧೆಗೆ ಮಾತ್ರ ಅಲ್ಲ, ಕಾಳಿ ನದಿಯಲ್ಲಿ ನಮ್ಮ ಬಳಗದವರು ಯಾವತ್ತೂ ಟಿವಿ ಇಳಿಸಬಾರದು. ಉಮೇಶನನ್ನು ಬಿಟ್ಟು ಎಲ್ಲರೂ ಕೈಯೆತ್ತಿದರು. ಯೋಗೇಶನೂ ಎತ್ತಿದ. ಮಾಸ್ತರರು ಬೆನ್ನು ತಟ್ಟಿದರು.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ನಾನು ಮೀನಿಗಾಗಿ ಹೇಳಲಿಲ್ಲ. ಮೀನು ಉಳಿದರೆಷ್ಟು ಹೋದರೆಷ್ಟು. ಚೋಣಕ ಮನೆಗೆ ಬಂದರೆ ಅವಳು ಪೂರ್ತಿ ಹೋದ ಹಾಗೆ, ಅದಕ್ಕೆ ಹೇಳಿದೆ. ಅಷ್ಟು ಜನರಲ್ಲಿ ಅದು ಗೊತ್ತಿದ್ದವ ಒಬ್ಬನೇ.

ಉಮೇಶ ಚಾ ಲೋಟ ಇಟ್ಟು ಹೊರಗೆ ಬಂದ. ನಾನೂ ಬಂದೆ. ಬೈಕಿಗೆ ಕಿಕ್ ಹೊಡೆಯದೆ ನಿಂತ.

"ಅಕ್ಕಂಗೆ ನಾ ಮಾಡೂದು ಒಂದೇ ಕೆಲ್ಸ ಉಳ್ದದೆ, ಭಾವ. ಆಸ್ಪತ್ರೆಲಿ ನೀ ಇದ್ದೆ. ನಾ ಬರೂದ್ರೊಳಗೆ ಮುಗ್ದಿತ್ತು. ಕೊಳ್ಳಿ ನೀ ಇಟ್ಟೆ. ನಂಗೆ ಈ ಮೀನೊಂದು ಬಿಟ್ಟಿದ್ರು. ಅದ್ನೂ ಕಾನೂನು ಮಾಡಿ ತೆಗ್ದೆ ನೀ."

ಹೋದ. ಹೆದ್ದಾರಿ ಸೇರುವವರೆಗೆ ನೋಡಿದೆ. ಏನೂ ಅನಿಸಲಿಲ್ಲ. ಅನಿಸಬೇಕಿತ್ತು.

ಡಿಸೆಂಬರ್ 8

ನೀರು ಬಿಟ್ಟೆ. ಗ್ರೂಪಿನಲ್ಲಿ 'ಉಮೇಶ ಲೆಫ್ಟ್' ಎಂದು ಬಂದಿದೆ.

ಡಿಸೆಂಬರ್ 14, ಭಾನುವಾರ

ಒಬ್ಬನೇ ಹೋದೆ. ಗಾಳ ಹಾಕಿ ಕೂತೆ. ನನಗೆ ಬೇಕಾದ್ದು ಇದೇ ಅಲ್ಲವೇ — ಟಿವಿ ಇಲ್ಲ, ಅವಸರ ಇಲ್ಲ, ಕಾಯುವುದು. ದೋಣಿಯ ಆ ತುದಿಯಲ್ಲಿ ಯಾರೂ ಇರಲಿಲ್ಲ. ಭಾರ ಒಂದೇ ಕಡೆಯಾಗಿ ದೋಣಿ ಸೊಟ್ಟಗೆ ತೇಲುತ್ತಿತ್ತು. ಒಂದು ಕಲ್ಲು ಎತ್ತಿ ಆ ಕಡೆ ಇಟ್ಟೆ.

ಬೇಗ ಬಂದುಬಿಟ್ಟೆ. ಪ್ರೇಕ್ಷಾ ಬಾಗಿಲಲ್ಲಿ ಕೂತಿದ್ದಳು.

"ಮಾಮಂಗೆ ಫೋನ್ ಮಾಡಿದ್ದೆ. ಎಲ್ಲಾ ಹೇಳ್ದ, ಬಲೆದೂ."

ಚಪ್ಪಲಿ ಬಿಟ್ಟೆ.

"ಅಪ್ಪ, ನಂಗೂ ಆಯಿ ಸೀರೆ ಕಪಾಟು ತೆಗೂಕೆ ಮನಸ್ಸಿಲ್ಲ. ಆದ್ರೆ ನೀ ನಂಗೆ ಒಂದು ಮಾತು ಕೇಳ್ಲೇ ಇಲ್ಲ."

ಹೌದು. ಕೇಳಲೇ ಇಲ್ಲ. ಅವಳ ತಾಯಿ ಅವಳಿಗೂ ಸತ್ತಿದ್ದು. ಇಷ್ಟು ಸುಲಭದ ವಿಷಯ ನನ್ನ ತಲೆಗೆ ಹೋಗಲಿಲ್ಲ. ಒಲೆಯ ಹತ್ತಿರ ಹೋಗಿ ಮುಚ್ಚಳ ಎತ್ತಿದೆ. ಅನ್ನ ಮಾಡಿ ಆಗಿತ್ತು.

ಅಂಕೋಲಾಕ್ಕೆ ಫೋನ್ ಹಚ್ಚಿದೆ. ಎತ್ತಲಿಲ್ಲ. ನೀತಾಳ ನಂಬರಿಗೆ ಹಚ್ಚಿದೆ. "ಅವ್ರು ನದಿಗೆ ಹೋಗಿದ್ದಾರೆ, ಭಾವ" ಎಂದಳು. ಯಾವ ನದಿಗೆ ಎಂದು ಕೇಳಲಿಲ್ಲ. ಬಾ ಅಂತ ಹೇಳು ಎಂದೆ. ಏನೇ ತಂದರೂ ಸರಿ, ತರದಿದ್ದರೂ ಸರಿ, ಬಾ ಅಂತ ಹೇಳು.

ಡಿಸೆಂಬರ್ 17

ನೀರು ಬಿಟ್ಟೆ. ಉಮೇಶನ ಫೋನ್ ಬರಲಿಲ್ಲ.

ಡಿಸೆಂಬರ್ 21, ಭಾನುವಾರ

ಬೆಳಿಗ್ಗೆ ಬೈಕಿನ ಸದ್ದು. ಉಮೇಶ. ಹಿಂದೆ ಕಟ್ಟಿದ ಗೋಣಿಚೀಲ, ಒದ್ದೆ. ಅಂಗಳದಲ್ಲಿ ಬಿಚ್ಚಿದ. ಚೋಣಕ, ಮೊಳದುದ್ದ.

"ಇದು ಗಂಗಾವಳಿ ನದಿ ಮೀನು. ಅಲ್ಲಿ ನಿನ್ನ ಕಾನೂನಿಲ್ಲ."

ಹೌದೆಂದು ತಲೆಯಾಡಿಸಿದೆ.

"ಟಿವಿ ಹಾಕಿದ್ದೆ. ಕಂಡ್ತು, ಹಿಡ್ದೆ. ಅಕ್ಕನ ಮೀನು. ನಂಗೆ ನಾಚ್ಕೆ ಇಲ್ಲ."

"ಬಲೆ ಯಾರು ಹಿಡ್ದಿದ್ರು?" ಎಂದೆ.

"ನೀತಾ. ಅವ್ಳಿಗೆ ದೋಣಿ ಅಂದ್ರೆ ಹೆದ್ರಿಕೆ. ಆದ್ರೂ ಬಂದ್ಲು."

ಆ ಮೀನಿಗೆ ಅನ್ಯಾಯ ಆಯಿತೋ ಇಲ್ಲವೋ, ನನಗೆ ತಿಳಿಯದು. ಸಭೆಯಲ್ಲಿ ಹೇಳಿದ್ದನ್ನು ನಾಳೆ ಕೇಳಿದರೂ ಹೇಳುತ್ತೇನೆ. ಇವತ್ತು ಕೊಡಪಾನ ನೀರು ತಂದು ಅವನ ಕಾಲಿಗೆ ಹಾಕಿದೆ, ತವರಿನವರಿಗೆ ಹಾಕುವ ಹಾಗೆ. ಒಳಗೆ ಬಂದ.

ಪ್ರೇಕ್ಷಾ ರಜೆಯಲ್ಲಿದ್ದಳು. ತೆಂಗಿನಕಾಯಿ ತುರಿದಳು, ಮೆಣಸು ಕಡೆದಳು, ಮುರುಗಲ ಹುಳಿ ಹಾಕಿದಳು. ಹೊಗೆಗೋ ಏನೋ, ಮೂಗು ಒರೆಸಿಕೊಳ್ಳುತ್ತಲೇ ಇದ್ದಳು. ವರ್ಷದ ಮೇಲೆ ಮನೆಯಲ್ಲಿ ಆ ವಾಸನೆ. ಕಾಶಿ ಬೇಲಿಯ ಆಚೆಯಿಂದ ಇಣುಕಿ ನೋಡಿ, ಏನೂ ಕೇಳದೆ ಹೋದಳು.

ಮೂವರಿಗೂ ತಟ್ಟೆ ಇಟ್ಟೆವು. ಮೊದಲ ಪಾಲು ಸುಮಿತಾಳ ಫೋಟೋ ಮುಂದೆ ಇಟ್ಟು ತೆಗೆದು ಆಯಿತು. ಸಾರು ಬಡಿಸಿ ಪ್ರೇಕ್ಷಾ ಸೌಟು ಹಿಡಿದು ನಿಂತಳು. ಪಾತ್ರೆಯಲ್ಲಿ ತಲೆ ಉಳಿದಿತ್ತು. ಚೋಣಕದ ತಲೆ ಈ ಮನೆಯಲ್ಲಿ ಯಾವಾಗಲೂ ಸುಮಿತಾಳದ್ದು. ನಾವೆಲ್ಲ ಕೈ ತೊಳೆದು ಎದ್ದ ಮೇಲೂ ಒಬ್ಬಳೇ ಕೂತು ಚೀಪುತ್ತಿದ್ದಳು. ಬೇರೆಯವರು ತಿಂದದ್ದು ನೆನಪಿಲ್ಲ.

"ಅಪ್ಪ... ತಲೆ ಯಾರಿಗೆ ಹಾಕೂದು?"

ನನಗೆ ಹಾಕು ಎಂದೆ.

ತಿನ್ನಲು ಬರುವುದಿಲ್ಲ ನನಗೆ. ಬರೀ ಮುಳ್ಳು, ಎಲ್ಲಿಂದ ಸುರು ಮಾಡಬೇಕೆಂದೇ ಗೊತ್ತಿಲ್ಲ. ಅವಳು ಹೇಗೆ ಮಾಡುತ್ತಿದ್ದಳು ಎಂದು ನೆನಪು ಮಾಡಿಕೊಂಡೆ. ಇಡೀ ವರ್ಷ ಮುಖ ಕೂಡ ಸರಿಯಾಗಿ ನೆನಪಾಗಿರಲಿಲ್ಲ, ಈಗ ಕೈ ಕಂಡಿತು, ಬಳೆ ಹಿಂದೆ ಸರಿಸುವುದು ಕಂಡಿತು. ಮೊದಲು ಮೀನಿನ ಕೆನ್ನೆಯ ಹತ್ತಿರ ಹೆಬ್ಬೆರಳು ಒತ್ತುತ್ತಿದ್ದಳು. ಅಲ್ಲಿನ ಮಾಂಸ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಕಣ್ಣಿನ ಹಿಂದಿನದು. ಆಮೇಲೆ ಅವಳು ಚೀಪಿದ ಹಾಗೇ ಚೀಪಿದೆ, ಉಳಿದಿಬ್ಬರು ಕೈ ತೊಳೆದು ಎದ್ದ ಮೇಲೂ.