ಸದ್ದಡಗಿದ ಎಂಜಿನ್

ಅಪ್ಪಾ,

ಪಕ್ಕದ ಮನೆಯಾಕೆಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾಳೆ ಏಳರೊಳಗೆ ವಾಲ್ವ್ ಸಂದು ಅಳೆಯುವ ಗೇಜ್ ತೆಗೆದುಕೊಂಡು ಬಾ. ಹಳೇ ಬೈಕಿನ ಟಕಟಕಕ್ಕೆ ಮಗು ಏಳುತ್ತದೆಂದು ನಾನು ಗೊಣಗಿದ್ದಕ್ಕೆ, ಇವರು ವಾಲ್ವಿಗೆ ಸಂದೇ ಉಳಿಸದೆ ಬಿಗಿ ಮಾಡಿಬಿಟ್ಟಿದ್ದಾರೆ. ಸದ್ದೇನೋ ಅಡಗಿತು. ಆದರೆ ಬಿಸಿಯೇರಿದರೆ ಎಂಜಿನ್ ನಿಂತುಹೋಗುತ್ತದೆ. ನಿನ್ನೆ ಬೈಕು ರೈಲು ಹಳಿಯ ಮೇಲೆಯೇ ನಿಂತಿತಂತೆ.

"ಇಳಿದು ತಳ್ಳಿದೆ, ಅಷ್ಟೇ. ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀಯ?" ಎಂದು ನಕ್ಕರು. ನನಗೆ ಕಣ್ಣು ಮುಚ್ಚಿದರೆ ಆ ಹಳಿಯೇ ಕಾಣುತ್ತದೆ.

ನಾಳೆ ಎಂಟಕ್ಕೆ ಮಗುವನ್ನು ಲಸಿಕೆಗೆಂದು ಅದೇ ದಾರಿಯಲ್ಲಿ ಕರೆದೊಯ್ಯುತ್ತಾರೆ. ಎಂಜಿನ್ ತಣ್ಣಗಿರುವಾಗಲೇ ಅಳೆಯಬೇಕಲ್ಲ, ತಡಮಾಡಬೇಡ. ನಾನು ಬರೆದದ್ದನ್ನು ಅಳಿಯನಿಗೆ ಹೇಳಬೇಡ.

ಕೀ ಬಚ್ಚಿಟ್ಟಿದ್ದೇನೆ. ಆದರೆ ಕೀ ಇಲ್ಲದೆ ಸ್ಟಾರ್ಟ್ ಮಾಡುವುದನ್ನು ಅವರಿಗೆ ಕಲಿಸಿದವನು ನೀನೇ.

ನಿನ್ನ ದಾರಿ ಕಾಯುತ್ತಿರುವ,
ಮಗಳು